ಅಲ್ಪವಿರಾಮವಿಲ್ಲದ ಇನ್ನೂರಾ ಹದಿನೇಳು ಮನೆಗಳು

ಚಿಕ್ಕೋಡಿ ಬಸ್ ಸ್ಟ್ಯಾಂಡಿನಿಂದ ಎರಡು ನಿಮಿಷ ನಡೆದರೆ ಒಂದು ಬಟ್ಟೆ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ನಮ್ಮ ಸಮಾಜ ಸೇವಾ ಸಂಘದ ಕಚೇರಿ. ಮೆಟ್ಟಿಲು ಹತ್ತಿದವರಿಗೆ ಮೊದಲು ಕಾಣುವುದು ಹಿಂದಿನ ಅಧ್ಯಕ್ಷರ ಫೋಟೋಗಳು. ಆಮೇಲೆ ಈಗಿನ ಅಧ್ಯಕ್ಷರ ಫೋಟೋ. ಅದು ಹಿಂದಿನವರ ಫೋಟೋಗಳಿಗಿಂತ ನಾಲ್ಕು ಬೆರಳು ದೊಡ್ಡದು. ಆಮೇಲೆ ಒಂದು ಕಬ್ಬಿಣದ ಕಪಾಟು. ಆ ಕಪಾಟಿನ ಹಿಂದೆ, ಹುಡುಕಿ ನೋಡಿದರೆ, ನೇಮಿನಾಥ ಉಪಾಧ್ಯೆ.

ನೇಮಿನಾಥ ಭೋಜದವನು. ನಿಪ್ಪಾಣಿಯಲ್ಲಿ ಬಿ.ಕಾಂ. ಮುಗಿಸಿ, ಅಲ್ಲೇ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಎರಡು ಸಾವಿರದ ಒಂದರಲ್ಲಿ ಸಂಘಕ್ಕೆ ಆರು ತಿಂಗಳ ಮಟ್ಟಿಗೆ ಅಂತ ಸೇರಿದ. ನಾನು ಹೇಳಹೊರಟಿರುವುದು ಎರಡು ಸಾವಿರದ ಹದಿಮೂರರ ಮಾತು. ಆಗಲೂ ಅವನು ಆರು ತಿಂಗಳ ಮಟ್ಟಿಗೇ ಇದ್ದ. ಸಂಘದ ವಧು-ವರರ ಪಟ್ಟಿಯನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಹನ್ನೆರಡು ವರ್ಷದಲ್ಲಿ ನೂರಾರು ಜೋಡಿ ಆ ಪಟ್ಟಿಯಿಂದ ಎದ್ದು ಹೋದವು. ನಿನ್ನ ಹೆಸರು ಯಾಕೆ ಹಾಕಿಕೊಳ್ಳಲಿಲ್ಲ ಅಂತ ಒಮ್ಮೆ ನಾನೇ ಕೇಳಿದೆ. ಅವನು ಕೀಬೋರ್ಡಿನ ಮೇಲಿನ ಧೂಳು ಊದುತ್ತ, "ಕಚೇರಿಯೊಳಗಿನ ಮನಶ್ಯಾ ತನ್ನ ಹೆಸರು ತಾನ ಹಾಕ್ಕೊಂಡ್ರ ಬರೋಬರಿ ಕಾಣಂಗಿಲ್ರಿ" ಅಂದ. ಈಗ ಅವನಿಗೆ ವಯಸ್ಸು ನಲವತ್ತಮೂರಾಗಿತ್ತು. ಪ್ರಶ್ನೆ ಹಳೆಯದಾಗಿತ್ತು.

ಸಂಘಕ್ಕೊಂದು ಡೇಟಾಬೇಸ್ ಬೇಕು ಅಂತ ಹುರುಪು ಹುಟ್ಟಿದ್ದು ಎರಡು ಸಾವಿರದ ಮೂರರಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಕಡೆಯ ಸಮಾಜದ ಮನೆಗಳನ್ನೆಲ್ಲ ಅಡ್ಡಾಡಿ ಬರೆದುಕೊಂಡು ಬರುವುದೆಂದು ತೀರ್ಮಾನವಾಯಿತು. ನೇಮಿನಾಥ ಕ್ಲಾಸಿನಲ್ಲಿ ಕಲಿತದ್ದನ್ನು ನೆನಪಿಟ್ಟುಕೊಂಡು, ಒಬ್ಬೊಬ್ಬರಿಗೆ ಒಂದೊಂದು ಸಾಲು ಇರಲಿ, ಮುಂದೆ ಅನುಕೂಲ ಅಂದ. ಆಗಿನ್ನೂ ಉಪಾಧ್ಯಕ್ಷರಾಗಿದ್ದ ಭೂಪಾಲ ಖೋತರು ಎದ್ದು ನಿಂತರು.

"ಏನ ಮಾತಾಡತಿ ನೇಮಿನಾಥ? ಅಪ್ಪ ಒಂದ ಸಾಲು, ಮಗಾ ಒಂದ ಸಾಲು, ಸೊಸಿ ಒಂದ ಸಾಲು ಅಂದ್ರ ಮನಿ ಪಾಲ ಆದಂಗ ಆತಲ್ಲ. ನಾಳೆ ಯಾರರ ಇದನ್ನ ತಗೊಂಡ ಕೋರ್ಟಿಗೆ ಹೋದ್ರ?"

ನಮ್ಮಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಲಗ್ನಪತ್ರಿಕೆಯಲ್ಲಿ ಒಂದೇ ಮನೆ. ಕಾಗದದ ಮೇಲೆ ಪಾಲು ಹಚ್ಚುವುದೆಂದರೆ ಯಾರಿಗೂ ಸೇರದು. ಆದ್ದರಿಂದ ಒಂದು ಮನೆಗೆ ಒಂದೇ ಸಾಲು, ಮನೆಯ ಮಂದಿಯನ್ನೆಲ್ಲ ಒಂದೇ ಖಾನೆಯಲ್ಲಿ ಅಲ್ಪವಿರಾಮ ಹಾಕುತ್ತ ಬರೆಯತಕ್ಕದ್ದು ಅಂತ ಠರಾವಾಯಿತು. ಅನುಮೋದಿಸಿದವನು ನಾನು. ಪ್ರಚಾರ ಸಮಿತಿಯ ಸದಸ್ಯ ಅಂತ ಆಗ ನನಗೂ ಒಂದು ಬಿಲ್ಲೆ ಇತ್ತು, ಅದನ್ನು ಹಚ್ಚಿಕೊಂಡಾಗ ಏನಾದರೂ ಅನುಮೋದಿಸಬೇಕು ಅನ್ನಿಸುತ್ತಿತ್ತು.

ಹೀಗೆ ಮೂರು ಸಾವಿರದ ನೂರಾ ಎಂಬತ್ತನಾಲ್ಕು ಮನೆಗಳು ಮೂರು ಸಾವಿರದ ನೂರಾ ಎಂಬತ್ತನಾಲ್ಕು ಸಾಲುಗಳಾದವು. ಅಂಕಲಿಯ ಒಂದು ಮನೆಯಲ್ಲಿ ಮೂವತ್ತೊಂದು ಹೆಸರು. ಆ ಖಾನೆಯನ್ನು ಓದಬೇಕೆಂದರೆ ನಡುವೆ ಎರಡು ಸಲ ಉಸಿರು ತಗೊಳ್ಳಬೇಕು. ನೇಮಿನಾಥನ ಸ್ವಂತ ಖಾನೆಯಲ್ಲಿ "ಪದ್ಮವ್ವ, ನೇಮಿನಾಥ ಉಪಾಧ್ಯೆ" ಅಂತ ಎರಡೇ ಇದ್ದವು. ಪದ್ಮವ್ವ ಅವನ ತಾಯಿ. ಎರಡು ಸಾವಿರದ ಒಂಬತ್ತರಲ್ಲಿ ತೀರಿಕೊಂಡಳು. ಹುಟ್ಟಿದವರ ಹೆಸರನ್ನು ಸೇರಿಸುವುದು, ತೀರಿಕೊಂಡವರ ಹೆಸರನ್ನು ತಿಂಗಳ ಮೊದಲ ಸೋಮವಾರ ತೆಗೆಯುವುದು ಕಚೇರಿಯ ಪದ್ಧತಿ. ಆ ಸೋಮವಾರ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಅವನು ಹತ್ತು ತೆಗೆದು, ಎದ್ದು ಚಹಾ ಕುಡಿದು ಬಂದು, ಹನ್ನೊಂದನೆಯದನ್ನೂ ತೆಗೆದ. ಹೆಸರು ಹೋದ ಮೇಲೆ ಅಲ್ಪವಿರಾಮವೊಂದು ಮುಂದೆ ನಿಂತಿತ್ತು. ಅದನ್ನೂ ಅಳಿಸಿದ.

ಎರಡು ಸಾವಿರದ ಹದಿಮೂರರ ಮಾರ್ಚಿನಲ್ಲಿ ಸಂಘದಿಂದ ಅಂಕಲಿಯ ಮಂಗಲ ಕಾರ್ಯಾಲಯದಲ್ಲಿ ದೊಡ್ಡ ನೇತ್ರ ಶಿಬಿರ ಏರ್ಪಾಡಾಯಿತು. ಖೋತರು ಆಗ ಅಧ್ಯಕ್ಷರು. ಶಿಬಿರವೆಂದರೆ ನೂಕುನುಗ್ಗಲು ಅಂತ ಅವರಿಗೆ ಗೊತ್ತಿತ್ತು. ಆದ್ದರಿಂದ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಚೀಟಿ ಅಚ್ಚು ಹಾಕಿಸಿ ಅಂಚೆಗೆ ಹಾಕಬೇಕು, ಚೀಟಿ ಇಲ್ಲದವರಿಗೆ ಪ್ರವೇಶವಿಲ್ಲ ಅಂತ ನಿಯಮ ಮಾಡಿದರು. ನಿಯಮ ಮಾಡುವಾಗ ಮನುಷ್ಯ ಸ್ವಲ್ಪ ಎತ್ತರವಾಗುತ್ತಾನೆ. ಖೋತರು ಎರಡು ದಿನ ಹಾಗೇ ಓಡಾಡಿದರು.

ಈಗ ಖಾನೆಯೊಳಗಿನ ಮಂದಿಯನ್ನು ಬಿಡಿಸಬೇಕಾಯಿತು. ಹತ್ತು ವರ್ಷದ ಹಿಂದೆ ಮನೆ ಒಡೆಯುತ್ತದೆಂದು ಹೆದರಿದವರೇ ಈಗ "ಲಗೂನ ಒಡಿಯಪಾ" ಅನ್ನತೊಡಗಿದರು. ನೇಮಿನಾಥ ಎಸ್‌ಕ್ಯುಎಲ್‌ನಲ್ಲಿ ಒಂದು ಕ್ವೆರಿ ಬರೆದ. ಡೇಟಾಬೇಸಿಗೆ ಹೇಳುವ ಅಪ್ಪಣೆ ಅದು. ನನಗೆ ತಿಳಿಸಿ ಹೇಳುವಾಗ ಅವನು ಕಬ್ಬನ್ನು ತಂದ. ಬೀಜಕ್ಕೆ ಕಬ್ಬು ಕಡಿಯುವವರು ಮೊದಲ ಗಣ್ಣು ನೋಡಿ ಕುಡಗೋಲು ಹಾಕುತ್ತಾರೆ, ತುಂಡನ್ನು ಬದಿಗಿಡುತ್ತಾರೆ, ಉಳಿದ ಜಲ್ಲೆಯಲ್ಲಿ ಮತ್ತೆ ಮೊದಲ ಗಣ್ಣು ನೋಡುತ್ತಾರೆ. ಹಾಗೇ, ಖಾನೆಯಲ್ಲಿ ಮೊದಲ ಅಲ್ಪವಿರಾಮ ಎಲ್ಲಿದೆ ನೋಡು. ಅದರ ಎಡಕ್ಕಿರುವ ಹೆಸರನ್ನು ಕತ್ತರಿಸಿ ಬೇರೆ ಸಾಲಿಗಿಡು. ಬಲಕ್ಕೆ ಉಳಿದದ್ದನ್ನು ಮತ್ತೆ ಹಾಗೇ ನೋಡು. ಅಲ್ಪವಿರಾಮ ಮುಗಿದ ಮೇಲೆ ಉಳಿದ ತುಂಡೇ ಕೊನೆಯ ಹೆಸರು.

ಅಂಕಲಿಯ ಮೂವತ್ತೊಂದು ಮಂದಿಯ ಮನೆಯ ಮೇಲೆ ಅದನ್ನು ಪ್ರಯೋಗಿಸಿ ನೋಡಿದ. ಮೂವತ್ತೊಂದು ಸಾಲು ಟಕಟಕ ಬಿದ್ದವು. ಎಲ್ಲ ಮನೆಗಳ ಮೇಲೆ ಹಚ್ಚಿದಾಗ ಮಾತ್ರ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ತಕರಾರು ಬಂತು: ಕತ್ತರಿಸಬೇಕಾದ ಉದ್ದ ಸರಿಯಿಲ್ಲ. ಅಲ್ಪವಿರಾಮವೇ ಇಲ್ಲದ ಖಾನೆ ಸಿಕ್ಕಾಗ ಎಲ್ಲಿ ಕತ್ತರಿಸಬೇಕು ಅಂತ ಕ್ವೆರಿಗೆ ತಿಳಿಯದೆ ನಿಂತುಬಿಟ್ಟಿತ್ತು. ಇಚಲಕರಂಜಿಗೋ ಸಾಂಗಲಿಗೋ ಎದ್ದುಹೋದ ಮನೆಗಳಿರಬೇಕು, ಖಾಲಿ ಖಾನೆಗಳು ಅಂತ ನೇಮಿನಾಥ ಅಂದುಕೊಂಡ. ಎದುರಿಗೆ ಖೋತರು ಕುರ್ಚಿಯಲ್ಲಿ ಕೂತು ಕಾಲು ಅಲುಗಾಡಿಸುತ್ತ, "ಆತೇನೋ? ಆತೇನೋ?" ಅನ್ನುತ್ತಿದ್ದರು. ಅವನು ಕ್ವೆರಿಗೆ ಒಂದು ಷರತ್ತು ಸೇರಿಸಿದ: ಅಲ್ಪವಿರಾಮ ಇರುವ ಖಾನೆಗಳನ್ನು ಮಾತ್ರ ತೆಗೆದುಕೊ. ಕೆಂಪು ಅಕ್ಷರ ಹೋಯಿತು. ಹದಿನಾಲ್ಕು ಸಾವಿರದ ಆರುನೂರಾ ಎರಡು ಹೆಸರು ಹೊರಬಿದ್ದವು.

"ನೋಡ್ರಿ, ಒಂದ ಕ್ಷಣದಾಗ," ಅಂತ ಖೋತರು ನನ್ನ ಕಡೆ ತಿರುಗಿ ಹೇಳಿದರು, ತಾವೇ ಕತ್ತರಿಸಿದವರ ಹಾಗೆ.

ಚೀಟಿಗಳು ಅಂಚೆಗೆ ಹೋದವು. ಒಂದು ವಾರದಲ್ಲಿ ಕೆಳಗಿನ ಬಟ್ಟೆ ಅಂಗಡಿಯವನಿಗೆ ಬಂತು, ಚಹಾದವನಿಗೆ ಬಂತು, ನನಗೂ ನನ್ನ ಮನೆಯವರಿಗೂ ಬಂತು. ನೇಮಿನಾಥನಿಗೆ ಬರಲಿಲ್ಲ. ಇದನ್ನು ಅವನು ಗಮನಿಸಿದ್ದ. ಆದರೆ ತನಗೆ ಬರಬೇಕಾದ ಕಾಗದವೊಂದು ಬರಲಿಲ್ಲ ಅನ್ನುವುದು ತಪ್ಪಿನ ಲಕ್ಷಣ ಅಂತ ಅವನಿಗೆ ಅನಿಸಲೇ ಇಲ್ಲ. ಲಗ್ನಪತ್ರಿಕೆಗಳು ಅವನ ತಾಯಿಯ ಹೆಸರಿಗೆ ಬರುತ್ತಿದ್ದವು. ಅವಳು ಹೋದ ಮೇಲೆ ನಿಂತಿದ್ದವು. ಇದೂ ಹಾಗೇ ಇರಬಹುದು ಅಂದುಕೊಂಡು ಎಂಟು ದಿನ ಸುಮ್ಮನಿದ್ದ. ಮುಂದೆ ನನಗೆ ಅವನು ಹೇಳಿದ್ದು ಇಷ್ಟೇ: "ಬ್ಯಾರೇದವರಿಗೆ ಬರಲಿಲ್ಲಂದಿದ್ರ ಅವತ್ತ ಹುಡಕತಿದ್ನಿರಿ."

ಭಾನುವಾರ ಶಿಬಿರ. ಅದರ ಹಿಂದಿನ ಗುರುವಾರ ಕಚೇರಿಯ ಫೋನು ಬಡಿಯಿತು. ಭೋಜದಿಂದ ಜಿನಮತಿ ಬಾಯಿ, ಅವನಿಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಈಗ ಎಪ್ಪತ್ತರ ಹತ್ತಿರ. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು.

"ನೇಮು, ನಿನ್ನ ಕಂಪ್ಯೂಟರದಾಗ ನಾ ಸತ್ತೀನೇನು ನೋಡಿ ಹೇಳಪಾ."

"ಹಂಗ್ಯಾಕ ಅಂತೀರಿ ಬಾಯಾರ?"

"ಬಾಜೂ ಮನಿ ಕಾಂಚನಾಗ ಚೀಟಿ ಬಂತು. ಅಕಿ ಗಂಡಗ ಬಂತು. ತೊಟ್ಟಲದಾಗಿನ ಕೂಸಿಗೂ ಬಂತು. ಆ ಕೂಸಿನ ಕಣ್ಣ ಭಾಳ ಚಲೋ ಅದಾವು, ನನ್ನ ಮೂಗಿನ ಮ್ಯಾಲಿನ ಚಾಳೀಸ ಕಂಡಕೂಡಲೆ ಕಸಕೋತೈತಿ. ನನಗ ಬಂದಿಲ್ಲ ನೋಡು."

"ಅಂಚ್ಯಾಗ ತಡಾ ಆಗಿರಬೇಕ್ರಿ."

"ಇರಬೇಕು. ಖರೇ ನನಗ ತಡಾ ಮಾಡಾಕ ವ್ಯಾಳ್ಯಾ ಇಲ್ಲೋ. ಎಡಗಣ್ಣ ಹೋದ ವರ್ಷನ ಹೋತು. ಬಲಗಣ್ಣಾಗ ಮುಂಜಾನೆ ಮಂಜ ಬಿದ್ದಂಗ ಆಗತೈತಿ, ಮಧ್ಯಾಹ್ನ ಆದ್ರೂ ಸರಿಯಂಗಿಲ್ಲ. ಸಾಂಗಲಿಯಿಂದ ತಮ್ಮನ ಮಗಾ ಬಂದಿದ್ದ. ಯುಗಾದಿ ಪಾಡವಾ ಮುಗದ ಮ್ಯಾಲ ಕರಕೊಂಡ ಹೊಕ್ಕೀನಿ, ಒಬ್ಬಾಕಿ ಇದ್ದದ್ದು ಸಾಕು ಅಂದಾನ. ಚಲೋ ಹುಡಗ. ಮನ್ಯಾಗ ನನಗಂತ ಒಂದ ಖುರ್ಚಿ ಇಟ್ಟಾನಂತ, ಟೀವಿ ಮುಂದ. ನನಗ ಖುರ್ಚಿ ಬ್ಯಾಡ ನೇಮು. ಕಣ್ಣ ಒಂದ ನೆಟ್ಟಗಾದ್ರ ಇಲ್ಲೇ ಒಲಿ ಹಚ್ಚಕೋತೀನಿ."

ಫೋನ್ ಇಟ್ಟು ನೇಮಿನಾಥ ಹುಡುಕಿದ. ಮನೆಗಳ ಪಟ್ಟಿಯಲ್ಲಿ ಭೋಜದ ಜಿನಮತಿ ಇದ್ದರು. ಚೀಟಿಯ ಪಟ್ಟಿಯಲ್ಲಿ ಇರಲಿಲ್ಲ. ಖಾನೆಯನ್ನು ನೋಡಿದ. ಒಂದೇ ಹೆಸರು, ಮುಂದೆ ಹಿಂದೆ ಏನೂ ಇಲ್ಲ. ಆಗ ತನ್ನ ಸಾಲನ್ನು ತೆಗೆದು ನೋಡಿದ. ಅಲ್ಲಿಯೂ ಒಂದೇ ಹೆಸರು. ಅಲ್ಪವಿರಾಮವಿಲ್ಲದ ಖಾನೆಗಳು ಎಷ್ಟಿವೆ ಅಂತ ಕೇಳಿದ. ಡೇಟಾಬೇಸ್ ಇನ್ನೂರಾ ಹದಿನೇಳು ಅಂದಿತು. ಖಾಲಿ ಖಾನೆ ಒಂದೂ ಇರಲಿಲ್ಲ. ತೆಲಸಂಗದಲ್ಲಿ ಒಬ್ಬ, ಕಾಗವಾಡದಲ್ಲಿ ಒಂಬತ್ತು, ರಾಯಬಾಗದ ಕಡೆ ಮೂವತ್ತರ ಮೇಲೆ. ಗಂಡ ಹೋದವರು, ಮಕ್ಕಳಿಲ್ಲದವರು, ಯಾರನ್ನೂ ಮಾಡಿಕೊಳ್ಳದವರು. ಇಷ್ಟು ಮಂದಿಯನ್ನು ಹೊರಗಿಟ್ಟ ಆ ಒಂದು ಷರತ್ತನ್ನು ಬರೆದವನು ಅವರಲ್ಲೇ ಒಬ್ಬ.

ಚೀಟಿಗಳನ್ನು ಹೊಸದಾಗಿ ತೆಗೆಯಬೇಕೆಂದರೆ ಅಧ್ಯಕ್ಷರ ಒಪ್ಪಿಗೆ ಬೇಕು. ಪ್ರತಿ ಚೀಟಿಗೂ ಅವರ ಕೈಯಲ್ಲೇ ಇರುವ ರಬ್ಬರ್ ಮೊಹರು ಬೀಳಬೇಕು. ನೇಮಿನಾಥ ಖೋತರ ಮನೆಗೆ ಹೋದ. ಜೊತೆಗೆ ನನ್ನನ್ನೂ ಕರೆದೊಯ್ದ, ನನ್ನ ಬಿಲ್ಲೆಯಿಂದ ಉಪಯೋಗವಾದೀತು ಅಂತ. ಆಗಲಿಲ್ಲ.

"ಇನ್ನೂರ ಮಂದಿ ಅಂದ್ರ ಹದಿನಾಕ ಸಾವಿರದಾಗ ಏನ ದೊಡ್ಡದು?" ಅಂದರು ಖೋತರು. "ಪಟ್ಟಿ ಡಾಕ್ಟರಿಗೆ ಕೊಟ್ಟಾಗೇತಿ. ಕಂಪ್ಯೂಟರ ತಪ್ಪ ಮಾಡೇತಿ ಅಂತ ಈಗ ನಾ ಹೇಳಿದ್ರ ಸಂಘದ ಮರ್ಯಾದಿ ಏನಾತು?"

"ಕಂಪ್ಯೂಟರ ಮಾಡಿಲ್ರಿ. ನಾ ಮಾಡೀನಿ."

"ನೀ ಮಾಡಿದ್ರೂ ಸಂಘದ್ದ ಹೋಗತೈತಿ. ಬಿಡು, ಮುಂದಿನ ವರ್ಷ ನೋಡೂಣು."

ಅಷ್ಟರಲ್ಲಿ ಖೋತರ ಸೊಸೆ ಸ್ನೇಹಲ ಒಳಗಿನಿಂದ ಅಂಚೆಯ ಕಟ್ಟೊಂದನ್ನು ಹಿಡಿದು ಬಂದಳು.

"ಮಾವಾರ, ಹೋದ ವಾರ ಬಂದ ಕಟ್ಟ ಇವತ್ತ ಬಿಚ್ಚಿದ್ನಿ ನೋಡ್ರಿ. ನಾವು ಏಳ ಮಂದಿ, ಚೀಟಿ ಹತ್ತ ಅದಾವು. ನಮ್ಮ ಮನ್ಯಾಗ ಧರ್ಮಾನುರಾಗಿ ಅಂದ್ರ ಯಾರ್ರಿ?"

ಖೋತರು ಚೀಟಿಗಳನ್ನು ಇಸಿದುಕೊಂಡರು. ಶ್ರೀ ಧರ್ಮಾನುರಾಗಿ, ಚಿಕ್ಕೋಡಿ. ಶ್ರೀ ದಾನವೀರ, ಚಿಕ್ಕೋಡಿ. ಶ್ರೀ ಸಮಾಜಭೂಷಣ, ಚಿಕ್ಕೋಡಿ. ನಾಲ್ಕನೆಯದು ಶ್ರೀ ಭೂಪಾಲ ಖೋತ. ಹತ್ತು ವರ್ಷದ ಹಿಂದೆ ತಮ್ಮ ಮನೆಯ ಫಾರ್ಮನ್ನು ಅವರು ಸ್ವಹಸ್ತದಿಂದ ತುಂಬಿದ್ದರು. ಹೆಸರಿಗಿಂತ ಮೊದಲು ಬಿರುದುಗಳನ್ನು, ಒಂದರ ಮುಂದೆ ಒಂದು ಅಲ್ಪವಿರಾಮವಿಟ್ಟು, ಬಿಡದೆ ಬರೆದಿದ್ದರು. ಕ್ವೆರಿ ಮರ್ಯಾದೆಯಿಂದ ಒಂದೊಂದು ಬಿರುದನ್ನೂ ಒಬ್ಬೊಬ್ಬ ಮನುಷ್ಯನನ್ನಾಗಿ ಮಾಡಿತ್ತು. ಒಂಟಿಯಾಗಿದ್ದವರು ಒಬ್ಬರೂ ಇಲ್ಲದಂತಾದ ಪಟ್ಟಿಯಲ್ಲಿ ಅಧ್ಯಕ್ಷರೊಬ್ಬರೇ ನಾಲ್ಕು ಮಂದಿಯಾಗಿದ್ದರು.

ಅವರ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷವೇ. "ಇರಲಿ ಬಿಡು, ಛಂದ ಕಾಣತಾವು," ಅಂದರು.

ನೇಮಿನಾಥ ನೆಲ ನೋಡುತ್ತ ಹೇಳಿದ: "ಛಂದ ಅದಾವ್ರಿ. ಖರೇ ರವಿವಾರ ಮೈಕಿನಾಗ ಒಬ್ಬೊಬ್ಬರದ ಹೆಸರ ಕೂಗತಾರ್ರಿ. ದಾನವೀರ ಅಂತ ಕೂಗತಾರ. ಯಾರೂ ಏಳಂಗಿಲ್ಲ. ಮತ್ತ ಕೂಗತಾರ. ಆಮ್ಯಾಲ, ದಾನವೀರ ಬಂದಿಲ್ಲ ಅಂತ ಬರಕೋತಾರ್ರಿ."

ಸ್ನೇಹಲ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಖೋತರು ಬಿರುದಿನ ಮೂರು ಚೀಟಿಗಳನ್ನು ಬೇರೆ ತೆಗೆದರು. ಆ ದೃಶ್ಯವನ್ನು ಅವರು ಪೂರ್ತಿಯಾಗಿ ಕಂಡಿರಬೇಕು.

"ಈ ಮೂರ ತಗದ ಒಂದ ಮಾಡಾಕ ಬರತೈತಿಲ್ಲೋ?"

"ಬರತೈತ್ರಿ. ಅದಕ್ಕ ಪಟ್ಟಿ ಎಲ್ಲಾ ಮತ್ತ ತಗೀಬೇಕಾಗತೈತಿ," ಅಂದ ನೇಮಿನಾಥ. ಇದು ಸುಳ್ಳು. ಆ ಮೂರು ಸಾಲನ್ನಷ್ಟೇ ಅಳಿಸಲು ಅವನಿಗೆ ಅರ್ಧ ನಿಮಿಷ ಸಾಕಿತ್ತು. ಹನ್ನೆರಡು ವರ್ಷದ ನೌಕರಿಯಲ್ಲಿ ಅವನು ಆಡಿದ ಸುಳ್ಳು ಇದೊಂದೇ, ಅದನ್ನೂ ಕಿವಿ ಕೆಂಪಗೆ ಮಾಡಿಕೊಂಡು ಆಡಿದ. ಖೋತರು ಮೊಹರನ್ನು ತಂದು ಅವನ ಕೈಯಲ್ಲಿಟ್ಟರು.

ಕಚೇರಿಗೆ ಬಂದು ಷರತ್ತನ್ನು ತೆಗೆದುಹಾಕಿದ. ಮತ್ತೆ ಕೆಂಪು ಅಕ್ಷರ ಬಂತು. ಗುರುವಾರದ ಮಧ್ಯಾಹ್ನವೆಲ್ಲ ಕರೆಂಟು ಹೋಗುತ್ತ ಬರುತ್ತ ಇತ್ತು, ಬ್ಯಾಟರಿ ಪೆಟ್ಟಿಗೆ ಕುಂಯ್‌ಗುಡುತ್ತಿತ್ತು, ಅವನು ಕಾಗದದ ಮೇಲೆ ಬರೆದು ಬರೆದು ಹೊಡೆದುಹಾಕುತ್ತಿದ್ದ. ಕಡೆಗೆ ಸಿಕ್ಕ ಉಪಾಯ ಬಹಳ ಸಣ್ಣದು. ಕತ್ತರಿಸುವ ಮೊದಲು ಪ್ರತಿ ಖಾನೆಯ ಕೊನೆಗೂ ನಾವೇ ಒಂದು ಅಲ್ಪವಿರಾಮ ಹಚ್ಚುವುದು. ಆಗ ಮೂವತ್ತೊಂದು ಹೆಸರಿದ್ದರೂ ಒಂದೇ ಹೆಸರಿದ್ದರೂ ಕ್ವೆರಿಗೆ ಕತ್ತರಿಸಲು ಒಂದು ಜಾಗ ಸಿಗುತ್ತದೆ. ಕೊನೆಗೆ ಉಳಿಯುವ ಖಾಲಿ ತುಂಡನ್ನು ಎಸೆದರಾಯಿತು. ಮೊದಲು ತನ್ನ ಸಾಲಿನ ಮೇಲೇ ಅದನ್ನು ನೋಡಿದನಂತೆ. ನಾಲ್ಕು ವರ್ಷದ ಹಿಂದೆ ತಾನು ಅಳಿಸಿದ್ದ ಗುರುತು ಹೆಸರಿನ ಈ ಬದಿಗೆ ಬಂದು ನಿಂತಿತು, ನಿಂತು, ಕೆಲಸ ಮುಗಿಸಿ ಹೋಯಿತು. ಶ್ರೀ ನೇಮಿನಾಥ ಉಪಾಧ್ಯೆ ಅಂತ ಒಂದು ಸಾಲು ಬಿತ್ತು. ಅಧ್ಯಕ್ಷರ ಮೂರು ಬಿರುದು ಹೋಗಿ, ಇನ್ನೂರಾ ಹದಿನೇಳು ಮಂದಿ ಬಂದು, ಒಟ್ಟು ಹದಿನಾಲ್ಕು ಸಾವಿರದ ಎಂಟುನೂರಾ ಹದಿನಾರು.

ಅಂಚೆಗೆ ಹಾಕಲು ಸಮಯವಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅವನು ಹೊಸ ಇನ್ನೂರಾ ಹದಿನೇಳಕ್ಕೂ ಮೊಹರು ಒತ್ತಿ, ಊರೂರಿನ ಚೀಟಿಗಳನ್ನು ಬೇರೆ ಬೇರೆ ದಾರದಲ್ಲಿ ಕಟ್ಟಿ ಹಾಲಿನ ಟೆಂಪೋದವರ ಕೈಗೆ ಕೊಟ್ಟ. ಅಥಣಿ ಕಡೆಯದು ಒಬ್ಬನಿಗೆ, ರಾಯಬಾಗದ್ದು ಇನ್ನೊಬ್ಬನಿಗೆ. ಒಬ್ಬರೇ ಇರುವವರು ಪಾವು ಲೀಟರ್ ಹಾಲಿಗೆ ತಾವೇ ಡೇರಿಗೆ ಬರುತ್ತಾರೆ, ಡೇರಿಯವನಿಗೆ ಅವರ ಗುರುತು ಇದ್ದೇ ಇರುತ್ತದೆ ಅನ್ನುವುದು ಅವನ ಲೆಕ್ಕಾಚಾರ. ಅವನೂ ಪಾವು ಲೀಟರ್ ತರುವವನೇ. ತೆಲಸಂಗದ ಒಂದೇ ಒಂದು ಚೀಟಿಯನ್ನು ಬಸ್ ಕಂಡಕ್ಟರನಿಗೆ ಕೊಟ್ಟು, ಎರಡು ಸಲ ಹೆಸರು ಹೇಳಿಸಿದ.

ನಿಪ್ಪಾಣಿ ಕಡೆಯ ನಲವತ್ತು ಮನೆಗಳಿಗೆ ತಾನೇ ಹೋದ. ನಾಲ್ಕು ತಾಸಿನ ಕೆಲಸ ಅಂದುಕೊಂಡದ್ದು ಎರಡು ದಿನ ಹಿಡಿಯಿತು. ಚೀಟಿ ಕೊಟ್ಟು ಹೋಗುತ್ತೇನೆಂದರೆ ಯಾರೂ ಬಿಡುತ್ತಿರಲಿಲ್ಲ. ಕೂಡ್ರಿಸಿ, ಚಹಾಕ್ಕಿಟ್ಟು, ನಿಮ್ಮದು ಯಾವ ಊರು, ಮನೆಯಲ್ಲಿ ಎಷ್ಟು ಮಂದಿ ಅಂತ ಕೇಳುತ್ತಿದ್ದರು. ಒಬ್ಬನೇ ಅಂದರೆ, ಮತ್ತೊಮ್ಮೆ ಚಹಾ. ಹದಿನಾಲ್ಕು ಸಾವಿರ ಹೆಸರು ಬಾಯಿಪಾಠವಿದ್ದ ಮನುಷ್ಯ ಅವನು. ಅವರಲ್ಲಿ ಹೆಚ್ಚಿನವರ ಮುಖ ಕಂಡಿರಲಿಲ್ಲ.

ಭೋಜಕ್ಕೆ ತಲುಪಿದ್ದು ಶನಿವಾರ ಸಂಜೆ. ಜಿನಮತಿ ಬಾಯಿ ಚೀಟಿಯನ್ನು ಮೂಗಿಗೆ ಹತ್ತಿರ ಹಿಡಿದು ನೋಡಿದರು.

"ಹೆಸರ ಕಾಣವಲ್ದು. ಐತೇನು?"

"ಐತ್ರಿ."

"ಕೆಳಗೊಂದ ಗೆರಿ ಐತಲ್ಲ, ಅದೇನದು?"

ಅದು ಜೊತೆಗೆ ಬರುವವರ ಹೆಸರು ಬರೆಯುವ ಜಾಗ. ಆಪರೇಶನ್ ಆಗಬೇಕಾದವರ ಜೊತೆ ಒಬ್ಬರು ಇರಲೇಬೇಕು ಅಂತ ಡಾಕ್ಟರರ ನಿಯಮ. ನೇಮಿನಾಥ ಅದನ್ನು ಓದಿ ಹೇಳಿದ. ಬಾಯಿಯವರು ಚೀಟಿಯನ್ನು ಮಡಚತೊಡಗಿದರು. ತಮ್ಮನ ಮಗನನ್ನು ಕರೆದರೆ ಅವನು ಬಂದಾನು, ಬಂದವನು ಕುರ್ಚಿಗೇ ಕರೆದೊಯ್ದಾನು. ನೇಮಿನಾಥ ಅವರ ಕೈಯಿಂದ ಚೀಟಿಯನ್ನು ತೆಗೆದುಕೊಂಡು ಗೆರೆಯ ಮೇಲೆ ತನ್ನ ಹೆಸರು ಬರೆದ.

"ನಿನ್ನ ಚೀಟಿ ಎಲ್ಲೈತಿ?" ಅಂದರು ಬಾಯಿಯವರು. "ಕೊಡಿಲ್ಲೆ. ಪೆನ್ನ ಗೆರಿ ಮ್ಯಾಲ ಇಡು, ಬರೀತೀನಿ. ಕುರುಡಿ ಜೋಡಿ ಬಂದಾಳ ಅಂತ ಡಾಕ್ಟರ ನಕ್ರ ನಗಲಿ."

ಆ ಅಕ್ಷರಗಳು ಗೆರೆಯಿಂದ ಕೆಳಗಿಳಿದು ಸಂಘದ ಮೊಹರಿನ ಮೇಲೆ ಹಾದುಹೋಗಿದ್ದವು.

ಶಿಬಿರ ಚೆನ್ನಾಗಿ ಆಯಿತು. ವೇದಿಕೆಯ ಮೇಲೆ ಅಧ್ಯಕ್ಷರಿಗೆ ಇನ್ನೊಂದು ಬಿರುದು ಕೊಟ್ಟರು. ಅದನ್ನು ಹೆಸರಿನ ಹಿಂದೆ ಹಾಕಬೇಕೋ ಮುಂದೆಯೋ ಅಂತ ಅವರು ನೇಮಿನಾಥನನ್ನು ಮೈಕಿನ ಬದಿಯಲ್ಲೇ ಕೇಳಿದರು. ಇನ್ನೂರಾ ಹದಿನೇಳರಲ್ಲಿ ನೂರಾ ತೊಂಬತ್ತು ಮಂದಿ ಬಂದಿದ್ದರು. ತೆಲಸಂಗದವನೂ ಬಂದಿದ್ದ. ಗೆರೆಯ ಮೇಲೆ ಹೆಸರಿಲ್ಲದವರನ್ನು ನೇಮಿನಾಥ ಒಬ್ಬರ ಪಕ್ಕ ಒಬ್ಬರನ್ನು ಕೂಡ್ರಿಸಿ, ಇವರ ಚೀಟಿಯಲ್ಲಿ ಅವರ ಹೆಸರು, ಅವರದರಲ್ಲಿ ಇವರದು ಬರೆಸುತ್ತ ಓಡಾಡಿದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ, ಓದಲು ಒಂದು ಚಾಳೀಸು ಸಾಕು ಅಂದರು. ಜಿನಮತಿ ಬಾಯಿಯವರನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದು ಮರುದಿನ ಆಪರೇಶನ್ ಮಾಡಿದರು. ಮುಗಿಯುವ ತನಕ ನೇಮಿನಾಥ ಜೊತೆಗಿದ್ದು ರಾತ್ರಿ ಚಿಕ್ಕೋಡಿಗೆ ಮರಳಿದ.

ಮಂಗಳವಾರ ಬೆಳಿಗ್ಗೆ ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚುವಾಗ ನೇಮಿನಾಥ ಮಂಚದ ಕಾಲಬದಿ ನಿಂತಿದ್ದ. ಬಾಯಿಯವರು ಕಣ್ಣು ಪಿಳುಕಿಸಿ ಮೊದಲು ಕಿಟಕಿ ನೋಡಿದರು, ಆಮೇಲೆ ಅವನನ್ನು ನೋಡಿದರು, ಬಹಳ ಹೊತ್ತು.

"ನೇಮು, ತಲಿ ಇಷ್ಟ ಯಾವಾಗ ಬೆಳ್ಳಗಾತೋ?"

"ಆಗಿ ಭಾಳ ದಿನಾ ಆತ್ರಿ."

"ಅಂಗಿ ಗುಂಡಿ ಒಂದ ಮನಿ ತಪ್ಪಿ ಹಾಕೀದಿ ನೋಡು. ಕಾಲರ ಒಂದ ಕಡೆ ಮ್ಯಾಲ ಹೋಗೇತಿ. ಹಿಂಗ ಬಂದಿಯೇನು ಚಿಕ್ಕೋಡಿಯಿಂದ?"

ಹಾಗೇ ಬಂದಿದ್ದ. ಎರಡು ಬಸ್ ಬದಲಾಯಿಸಿದ್ದ, ಕ್ಯಾಂಟೀನಿನಲ್ಲಿ ಚಹಾ ಕುಡಿದಿದ್ದ, ಡಾಕ್ಟರರ ಜೊತೆ ಐದು ನಿಮಿಷ ಮಾತಾಡಿದ್ದ.

"ಯಾರೂ ಹೇಳಲಿಲ್ಲೇನು?"

"ಹೇಳಾಕ ಯಾರ ಅದಾರ್ರಿ ಬಾಯಾರ," ಅಂದು ನೇಮಿನಾಥ ಗೋಡೆಯ ಕಡೆ ತಿರುಗಿ, ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಮತ್ತೆ ಹಾಕತೊಡಗಿದ.

"ಸಾವಕಾಶ ಹಾಕು," ಅಂದರು ಬಾಯಿಯವರು. "ನಾ ನೋಡಾಕತ್ತೀನಿ."